ಎಕ್ಸ್‌ರೇಗೆ ಕಾಣದ ಪೆಟ್ಟು: ಲಿಗಮೆಂಟ್, ಟೆಂಡನ್ ಗಾಯಗಳ ಎಂಎಲ್‌ಸಿ ಪರೀಕ್ಷೆ ಮಾಡುವುದು ಹೇಗೆ

ಎಂಎಲ್‌ಸಿ ಅಂದರೆ ಮೆಡಿಕೋ ಲೀಗಲ್ ಕೇಸ್, ಪೊಲೀಸು, ಕೋರ್ಟಿನವರೆಗೆ ಹೋಗುವ ಗಾಯದ ಕೇಸು. ಬೆಂಗಳೂರಿನ ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಡ್ಯೂಟಿ ಮಾಡುವ ಹೊಸ ಡಾಕ್ಟರುಗಳಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ತನಿಖೆ ಮಾಡುವ ಪೊಲೀಸರಿಗೆ, ಕ್ಲೇಮು ನಡೆಸುವ ವಕೀಲರಿಗೆ, ಏಟು ತಿಂದು ಸ್ಟೇಷನ್ನಿಗೂ ಆಸ್ಪತ್ರೆಗೂ ಅಲೆಯುತ್ತಿರುವವರಿಗೂ ಇದರಲ್ಲಿ ಬೇಕಾದ್ದು ಸಿಗುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಕಟ್ಟಿ ಮಾರುವ ಒಬ್ಬ ಹೆಂಗಸು ಬೆಳಗಿನ ಜಾವ ಬಂದಿದ್ದರು. ಕೂರುವ ಜಾಗಕ್ಕೆ ಜಗಳ, ಎದುರಿನವನ ಕೈಯಲ್ಲಿ ಚಾಕು, ಅದನ್ನು ಹಿಡಿಯಲು ಹೋಗಿ ಬಲಗೈ ತೋರುಬೆರಳಿನ ಒಳಮೈಗೆ ಒಂದೂವರೆ ಸೆಂಟಿಮೀಟರಿನ ಗಾಯ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಮೂರು ಹೊಲಿಗೆ ಹಾಕಿ, ‘ಸಾದಾ ಸ್ವರೂಪದ ಗಾಯ’ ಅಂತ ಬರೆದು ಕಳಿಸಿದೆ. ಐದು ವಾರದ ಮೇಲೆ ಅವರು ವಾಪಸ್ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ದಾರ ತೆಗೆದು, ಎರಡು ಮೊಗ್ಗು ಇಟ್ಟು ಕಟ್ಟಿ ತೋರಿಸಿದರು. ಕುಣಿಕೆ ಬೆರಳ ತುದಿಗೆ ಬಂದು ಜಾರಿತು. ಮತ್ತೆ ಹಾಕಿದರು, ಮತ್ತೆ ಜಾರಿತು. ತುದಿಯ ಗೆಣ್ಣು ಮಡಚುತ್ತಲೇ ಇರಲಿಲ್ಲ. ಬೆರಳ ತುದಿ ಮಡಚುವ ಆಳದ ಟೆಂಡನ್ ಮೊದಲ ದಿನವೇ ತುಂಡಾಗಿತ್ತು, ನಾನು ಆ ಒಂದು ಗೆಣ್ಣನ್ನು ಮಡಚಿಸಿ ನೋಡಿರಲಿಲ್ಲ. ಅಷ್ಟು ಹೊತ್ತಿಗೆ ತುಂಡಾದ ತುದಿ ಅಂಗೈ ಕಡೆಗೆ ಎಳೆದುಕೊಂಡು ಹೋಗಿತ್ತು, ನೇರವಾಗಿ ಜೋಡಿಸಲು ಆಗಲಿಲ್ಲ. ಕೋರ್ಟಿನಲ್ಲಿ ಆರೋಪಿ ಪರ ವಕೀಲರು ಎತ್ತಿ ಹಿಡಿದದ್ದು ನಾನೇ ಬರೆದ ಮೊದಲ ಕಾಗದವನ್ನು.

ಆ ಗೆಣ್ಣನ್ನು ನಾನು ಇವತ್ತಿಗೂ ಮರೆತಿಲ್ಲ. ಮೂಳೆ ಮುರಿದರೆ ಎಕ್ಸ್‌ರೇ ಸಾಕ್ಷಿ ಹೇಳುತ್ತದೆ. ಲಿಗಮೆಂಟ್, ಟೆಂಡನ್ ಹರಿದರೆ ಮೊದಲ ದಿನ ಸಾಕ್ಷಿ ಹೇಳಬೇಕಾದ್ದು ನಿಮ್ಮ ಕೈ, ನಿಮ್ಮ ಪೆನ್ನು.

ಮೊದಲು ಕಾನೂನಿನ ಲೆಕ್ಕ

ಲಿಗಮೆಂಟ್ ಅಂದರೆ ಮೂಳೆಗೆ ಮೂಳೆ ಕಟ್ಟುವ ಹುರಿ. ಟೆಂಡನ್ ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ. ಲಿಗಮೆಂಟ್ ಹೋದರೆ ಕೀಲು ಸಡಿಲ, ಟೆಂಡನ್ ಹೋದರೆ ಚಲನೆ ಇಲ್ಲ. ಇಷ್ಟು ನೆನಪಿದ್ದರೆ ಪರೀಕ್ಷೆಯ ಅರ್ಧ ಭಾಗ ತಾನಾಗಿ ಬರುತ್ತದೆ.

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 116ನೇ ಕಲಂ ತೀವ್ರ ಸ್ವರೂಪದ ಗಾಯ ಯಾವುದು ಅಂತ 8 ಬಗೆಯಾಗಿ ಹೇಳುತ್ತದೆ. ಏಳನೆಯದು ಮೂಳೆ ಅಥವಾ ಹಲ್ಲು ಮುರಿಯುವುದು, ಕೀಲು ತಪ್ಪುವುದು. ಎಲ್ಲರಿಗೂ ಬಾಯಿಪಾಠ ಇರುವುದು ಇದೊಂದೇ, ಆದ್ದರಿಂದಲೇ ಮೂಳೆ ಸರಿಯಿದ್ದರೆ ‘ಸಾದಾ’ ಅಂತ ಬರೆದುಬಿಡುತ್ತಾರೆ. ಆದರೆ ಐದನೆಯದನ್ನು ಓದಿ: ಯಾವುದೇ ಅಂಗದ ಅಥವಾ ಕೀಲಿನ ಶಕ್ತಿ ಹಾಳಾಗುವುದು, ಇಲ್ಲವೇ ಶಾಶ್ವತವಾಗಿ ಕುಂದುವುದು. ಎಂಟನೆಯದನ್ನೂ ಓದಿ: ಜೀವಕ್ಕೆ ಅಪಾಯ ತರುವ ಗಾಯ, ಅಥವಾ 15 ದಿನಗಳ ಕಾಲ ತೀವ್ರ ನೋವು ಕೊಡುವ ಇಲ್ಲವೇ ದಿನದ ಕೆಲಸ ಮಾಡಲು ಬಿಡದ ಗಾಯ. ಲಿಗಮೆಂಟ್, ಟೆಂಡನ್ ಗಾಯಗಳು ಹೆಚ್ಚಾಗಿ ಈ ಎರಡರ ಕೆಳಗೇ ಬರುತ್ತವೆ.

ಹಳೆಯ ಐಪಿಸಿಯ 320ನೇ ಕಲಮಿನಲ್ಲಿ ಈ 15 ದಿನದ ಬದಲು 20 ದಿನ ಇತ್ತು. ಘಟನೆ 2024ರ ಜುಲೈ 1ಕ್ಕಿಂತ ಮುಂಚೆ ನಡೆದಿದ್ದರೆ ಆ 20 ದಿನದ ಲೆಕ್ಕವೇ ಅನ್ವಯ, ಹಳೆ ಕೇಸಿಗೆ ಅಭಿಪ್ರಾಯ ಕೊಡುವಾಗ ಘಟನೆಯ ತಾರೀಖು ನೋಡಿಕೊಳ್ಳಿ. ಇನ್ನೊಂದು ಮಾತು. ಆಸ್ಪತ್ರೆಯಲ್ಲಿ 15 ದಿನ ಮಲಗಿದ್ದರು ಅನ್ನುವುದೇ ಪುರಾವೆ ಅಲ್ಲ. ಮನೆಯಲ್ಲಿದ್ದೂ ಕೆಲಸ ಮಾಡಲಾಗದೆ ಇರಬಹುದು. ಬೆಡ್ ಹಿಡಿದುಕೊಂಡು ಸುಮ್ನೆ ದಿನ ಎಣಿಸುವವರೂ ಇರಬಹುದು.

ಬಂದ ಕೂಡಲೇ ಮಾಡಬೇಕಾದ್ದು

ಚಿಕಿತ್ಸೆ ಮೊದಲು, ಕಾಗದ ಆಮೇಲೆ. 1989ರ ಪರಮಾನಂದ ಕಟಾರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಪೊಲೀಸರು ಬರಲಿ ಅಂತ ಕಾಯುವ ಹಾಗಿಲ್ಲ. ಮಂಡಿಗೆ ಜೋರು ಪೆಟ್ಟು ಬಿದ್ದವರಲ್ಲಿ ಪಾದದ ನಾಡಿ ಮೊದಲು ಮುಟ್ಟಿ ನೋಡಿ. ಕೀಲು ಪೂರ್ತಿ ತಪ್ಪಿ, ದಾರಿಯಲ್ಲೇ ತಾನಾಗಿ ಕೂತುಬಿಟ್ಟಿರಬಹುದು. ಎಕ್ಸ್‌ರೇಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಒಳಗೆ ಮಂಡಿ ಹಿಂದಿನ ರಕ್ತನಾಳ ಹರಿದಿರುತ್ತದೆ. ನಾಡಿ ಸಿಕ್ಕಿದರೂ ಕಾಲಿನ ಮತ್ತು ತೋಳಿನ ರಕ್ತದೊತ್ತಡ ಹೋಲಿಸಿ, ಅನುಪಾತ 0.9ಕ್ಕಿಂತ ಕಡಿಮೆ ಇದ್ದರೆ ರಕ್ತನಾಳದ ಸ್ಕ್ಯಾನ್ ಬೇಕು. ಇಲ್ಲಿ ತಡಮಾಡಿದರೆ ಕಾಲೇ ಹೋಗುತ್ತದೆ.

ಆಮೇಲೆ ಮಾಮೂಲಿ ವಿವರಗಳು: ಒಪ್ಪಿಗೆ, ಎರಡು ಗುರುತಿನ ಮಚ್ಚೆ, ಯಾರು ಕರೆತಂದರು, ಬಂದ ಸಮಯ, ಪರೀಕ್ಷೆ ಶುರುವಾದ ಸಮಯ, ಸ್ಟೇಷನ್ನಿಗೆ ಇಂಟಿಮೇಷನ್ ಕಳಿಸಿದ ಸಮಯ. ಬಲಗೈಯವರೋ ಎಡಗೈಯವರೋ, ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು ಮರೆಯದೆ ಬರೆಯಿರಿ. ‘ದಿನದ ಕೆಲಸ’ ಅನ್ನುವ ಮಾತಿಗೆ ಅರ್ಥ ಬರುವುದು ಅಲ್ಲಿಂದಲೇ. ಕಿರುಬೆರಳು ಮಡಚದಿದ್ದರೆ ಗುಮಾಸ್ತರಿಗೆ ಒಂದು ತೊಂದರೆ, ಚಿಕ್ಕಪೇಟೆಯ ದರ್ಜಿಗೆ ಇನ್ನೊಂದು, ವೀಣೆ ನುಡಿಸುವವರಿಗೆ ಮತ್ತೊಂದು.

ಘಟನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಮಂಡಿಗೆ ಹೊಡೆದರಾ?’ ಅಂತ ನೀವೇ ಬಾಯಿಗೆ ಮಾತು ಹಾಕಬೇಡಿ. ‘ಏನಾಯ್ತು, ಆಗ ಕಾಲು ಹೇಗಿತ್ತು?’ ಅಂತ ಕೇಳಿ. ಪಾದ ನೆಲಕ್ಕೆ ಊರಿತ್ತಾ, ಮೈ ಯಾವ ಕಡೆ ತಿರುಗಿತು, ‘ಟಪ್’ ಅಂತ ಸದ್ದಾಯಿತಾ, ಎದ್ದು ನಡೆದರಾ, ಊತ ಎಷ್ಟು ಹೊತ್ತಿಗೆ ಬಂತು. ಊತದ ಸಮಯ ಬಹಳ ಮುಖ್ಯ. ಮಂಡಿ ಒಂದೆರಡು ಗಂಟೆಯಲ್ಲೇ ಕುಂಬಳಕಾಯಿ ಹಾಗೆ ಊದಿದರೆ ಒಳಗೆ ರಕ್ತ ತುಂಬಿದೆ ಅಂತ ಅರ್ಥ, ಮುಂಭಾಗದ ಕ್ರೂಷಿಯೇಟ್ ಲಿಗಮೆಂಟ್, ಅಂದರೆ ಎಸಿಎಲ್, ಹರಿದಿರುವ ಸಾಧ್ಯತೆ ಜಾಸ್ತಿ. ಮಾರನೇ ದಿನ ನಿಧಾನವಾಗಿ ಊದಿದರೆ ಅದು ಹೆಚ್ಚಾಗಿ ನೀರು.

ಹಳೆಯ ಪೆಟ್ಟು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಸ್ಟಿರಾಯ್ಡ್ ಮಾತ್ರೆ, ಇತ್ತೀಚೆಗೆ ಸಿಪ್ರೊಫ್ಲಾಕ್ಸಸಿನ್ ಅಥವಾ ಲಿವೊಫ್ಲಾಕ್ಸಸಿನ್ ತೆಗೆದುಕೊಂಡಿದ್ದಾರಾ, ಎಲ್ಲ ಕೇಳಿ. ಈ ಗುಂಪಿನ ಆಂಟಿಬಯೋಟಿಕ್‌ಗಳು ಟೆಂಡನ್ ಹರಿಯುವಂತೆ ಮಾಡಬಲ್ಲವು. ಇದಕ್ಕಾಗಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಇವುಗಳ ಲೇಬಲ್ಲಿಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು.

ಕಣ್ಣಲ್ಲಿ ನೋಡುವುದು, ಅಳೆಯುವುದು

ಮುಟ್ಟುವ ಮುಂಚೆ ಫೋಟೊ. ಒಂದು ದೂರದಿಂದ, ಒಂದು ಹತ್ತಿರದಿಂದ, ಒಂದು ಸ್ಕೇಲ್ ಇಟ್ಟು. ಎರಡೂ ಕಾಲು, ಎರಡೂ ಕೈ ಒಂದೇ ಫ್ರೇಮಿನಲ್ಲಿ ಇರಲಿ. ಸರಿಯಾದ ಕಡೆಯೇ ನಿಮ್ಮ ಅಳತೆಗೋಲು.

ರಕ್ತ ಹೆಪ್ಪುಗಟ್ಟಿದ ಕಲೆ ಕಾಣುವ ಜಾಗವೇ ಪೆಟ್ಟು ಬಿದ್ದ ಜಾಗ ಅಂತ ತಿಳಿಯಬೇಡಿ. ರಕ್ತ ಕೆಳಕ್ಕೆ ಇಳಿಯುತ್ತದೆ. ಮಂಡಿ ಲಿಗಮೆಂಟ್ ಹರಿದವರಿಗೆ ನಾಲ್ಕು ದಿನದ ಮೇಲೆ ಹರಡಿನ, ಅಂದರೆ ಪಾದದ ಕೀಲಿನ, ಹತ್ತಿರ ನೀಲಿ ಕಾಣಬಹುದು. ಬಣ್ಣ ನೋಡಿ ‘ಇದು 3 ದಿನದ ಗಾಯ’ ಅಂತ ಖಡಕ್ಕಾಗಿ ಬರೆಯುವುದೂ ತಪ್ಪು. ಹಳದಿ ಬಣ್ಣ 18 ಗಂಟೆಗಿಂತ ಮುಂಚೆ ಬರುವುದಿಲ್ಲ ಅನ್ನುವುದು ನಂಬಬಹುದಾದ ಸೂತ್ರ, ಅದಕ್ಕಿಂತ ಮುಂದೆ ಬಣ್ಣದಿಂದ ಜಾಸ್ತಿ ಏನೂ ಹೇಳಲಾಗದು.

ತೊಡೆಯ ಸುತ್ತಳತೆಯನ್ನು ಮಂಡಿ ಚಿಪ್ಪಿನ ಮೇಲಂಚಿನಿಂದ 10 ಮತ್ತು 15 ಸೆಂಟಿಮೀಟರ್ ಮೇಲೆ ಎರಡೂ ಕಾಲಿನಲ್ಲಿ ತೆಗೆಯಿರಿ. ಇವತ್ತೇ ಹೊಡೆದರು ಅನ್ನುವವರ ತೊಡೆ ಒಂದು ಕಡೆ ಆಗಲೇ 2 ಸೆಂಟಿಮೀಟರ್ ಸಣ್ಣ ಆಗಿದ್ದರೆ ಆ ಕಾಲಿಗೆ ಹಳೆಯ ಕಥೆ ಇದೆ. ಕೀಲಿನ ಚಲನೆಯನ್ನು ಗೋನಿಯೋಮೀಟರಿನಿಂದ ಅಳೆದು ಡಿಗ್ರಿಯಲ್ಲಿ ಬರೆಯಿರಿ. ‘ಚಲನೆ ಕಡಿಮೆ ಇದೆ’ ಅನ್ನುವ ಸಾಲು ಕೋರ್ಟಿನಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ. ಹೆಬ್ಬೆರಳು ಮುಂಗೈಯ ಒಳಮೈಗೆ ತಾಗುತ್ತದೆ, ಮೊಣಕೈ ಹಿಂದಕ್ಕೆ ಬಾಗುತ್ತದೆ. 9 ಅಂಕದ ಬೈಟನ್ ಸ್ಕೋರ್ ಎರಡು ನಿಮಿಷದ ಕೆಲಸ, ಮಾಡಿ ಬರೆದಿಡಿ. ಇಲ್ಲದಿದ್ದರೆ ಸಡಿಲ ಕೀಲನ್ನೇ ಹರಿದ ಲಿಗಮೆಂಟ್ ಅಂದುಕೊಳ್ಳುತ್ತೀರಿ.

ಕೈ: ಇಲ್ಲಿ ಆತುರ ಬೇಡ

ಮಚ್ಚು, ಲಾಂಗು, ಚಾಕು, ಬಾಟಲಿಯ ಗಾಜು. ಕೈಯ ಗಾಯ ಎಷ್ಟೇ ಚಿಕ್ಕದಿದ್ದರೂ ಪ್ರತಿ ಬೆರಳಿನ ಪ್ರತಿ ಗೆಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲು ಕೈಯನ್ನು ಮೇಜಿನ ಮೇಲೆ ಅಂಗಾತ ಸಡಿಲವಾಗಿ ಬಿಡಲು ಹೇಳಿ. ಬೆರಳುಗಳು ತೋರುಬೆರಳಿನಿಂದ ಕಿರುಬೆರಳಿನ ಕಡೆಗೆ ಸ್ವಲ್ಪ ಸ್ವಲ್ಪ ಜಾಸ್ತಿ ಮಡಚಿಕೊಂಡಿರುತ್ತವೆ. ಒಂದು ಬೆರಳು ಮಾತ್ರ ನೆಟ್ಟಗೆ ನಿಂತಿದ್ದರೆ ಅದರ ಟೆಂಡನ್ ಹೋಗಿದೆ. ಪ್ರಜ್ಞೆ ಇಲ್ಲದವರಲ್ಲಿ, ಮಕ್ಕಳಲ್ಲಿ, ಕುಡಿದವರಲ್ಲಿ ಈ ನೋಟವೇ ಸಾಕಷ್ಟು ಹೇಳುತ್ತದೆ. ಮಣಿಕಟ್ಟನ್ನು ನೀವೇ ಹಿಂದಕ್ಕೆ ಬಾಗಿಸಿದರೆ ಬೆರಳುಗಳು ತಾವಾಗಿ ಮಡಚಬೇಕು, ಮುಂದಕ್ಕೆ ಬಾಗಿಸಿದರೆ ಬಿಚ್ಚಿಕೊಳ್ಳಬೇಕು.

ಆಮೇಲೆ ಒಂದೊಂದೇ ಬೆರಳು. ನಡುಗೆಣ್ಣನ್ನು ನೇರವಾಗಿ ಹಿಡಿದು ‘ತುದಿ ಮಾತ್ರ ಮಡಚಿ’ ಅನ್ನಿ: ಇದು ಆಳದ ಟೆಂಡನ್. ಉಳಿದ ಮೂರು ಬೆರಳನ್ನು ನೆಟ್ಟಗೆ ಹಿಡಿದು ‘ಈ ಬೆರಳು ಮಡಚಿ’ ಅನ್ನಿ: ಇದು ಮೇಲಿನ ಟೆಂಡನ್. ಬೆರಳು ಮಡಚಿತು, ಆದರೆ ತಡೆ ಕೊಟ್ಟಾಗ ತುಂಬ ನೋವು ಅಂದರೆ ಅರ್ಧ ಕತ್ತರಿಸಿರಬಹುದು. ಅರ್ಧ ಕತ್ತರಿಸಿದ್ದು ವಾರದ ಮೇಲೆ ಪೂರ್ತಿ ಹರಿಯುವುದುಂಟು. ಆದ್ದರಿಂದ ‘ಮಡಚುತ್ತದೆ’ ಅಂತ ಬರೆದು ಮುಗಿಸಬೇಡಿ, ತಡೆಗೆ ಎದುರಾಗಿ ಹೇಗಿತ್ತು ಅಂತಲೂ ಬರೆಯಿರಿ. ಮರಗಟ್ಟುವ ಇಂಜೆಕ್ಷನ್ ಕೊಡುವ ಮುಂಚೆಯೇ ಸ್ಪರ್ಶ ಪರೀಕ್ಷೆ ಮುಗಿಸಿ, ನರವೂ ಜೊತೆಗೆ ಹೋಗಿರಬಹುದು.

ಈಗ ವಿಧಿವಿಜ್ಞಾನದ ಮುಖ್ಯ ವಿಷಯಕ್ಕೆ ಬರುತ್ತೇನೆ. ಟೆಂಡನ್ ಎಲ್ಲಿ ತುಂಡಾಗಿದೆ ಅನ್ನುವುದು, ಏಟು ಬಿದ್ದಾಗ ಕೈ ಹೇಗಿತ್ತು ಅಂತ ಹೇಳುತ್ತದೆ. ಟೆಂಡನ್ ಚರ್ಮದ ಕೆಳಗೆ ಹಿಂದೆ ಮುಂದೆ ಜಾರುವ ಹಗ್ಗ. ಚಾಕುವಿನ ಅಲಗನ್ನು ಮುಷ್ಟಿಯಲ್ಲಿ ಹಿಡಿದಾಗ ಬೆರಳು ಮಡಚಿರುತ್ತದೆ, ಆ ಸ್ಥಿತಿಯಲ್ಲಿ ತುಂಡಾದ ಟೆಂಡನ್ನಿನ ತುದಿಭಾಗ, ಆಮೇಲೆ ಬೆರಳು ನೇರ ಮಾಡಿದಾಗ, ಚರ್ಮದ ಗಾಯಕ್ಕಿಂತ ಬೆರಳಿನ ತುದಿ ಕಡೆಗೆ ಸರಿದು ನಿಲ್ಲುತ್ತದೆ. ನೇರ ಬೆರಳಿಗೆ ಏಟು ಬಿದ್ದಿದ್ದರೆ ಚರ್ಮದ ಗಾಯವೂ ಆ ತುದಿಯೂ ಒಂದೇ ಮಟ್ಟದಲ್ಲಿರುತ್ತವೆ. ‘ಅವಳೇ ಕುಯ್ದುಕೊಂಡಳು’ ಅಂತ ಆರೋಪಿ ಹೇಳುವ ಕೇಸುಗಳಲ್ಲಿ ಈ ಒಂದು ಅಳತೆ ಎಷ್ಟು ಬೆಲೆಬಾಳುತ್ತದೆ ಅಂತ ಯೋಚಿಸಿ. ಅದಕ್ಕೇ ಆಪರೇಷನ್ ಮಾಡುವ ಸರ್ಜನ್‌ಗೆ ಮುಂಚೆಯೇ ಹೇಳಿ: ಬೆರಳು ನೇರವಿದ್ದಾಗ ತುದಿಭಾಗ ಚರ್ಮದ ಗಾಯದಿಂದ ಎಷ್ಟು ಮಿಲಿಮೀಟರ್ ದೂರದಲ್ಲಿತ್ತು, ಅಂಚು ನಯವಾಗಿತ್ತಾ ನಾರುನಾರಾಗಿತ್ತಾ, ಆಪರೇಷನ್ ನೋಟ್ಸಿನಲ್ಲಿ ಬರೆಯಿರಿ ಅಂತ. ಹೊಲಿದ ಮೇಲೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಕೈ ಅಡ್ಡ ಹಿಡಿದು ತಪ್ಪಿಸಿಕೊಂಡವರಿಗೆ ಗಾಯ ಮುಂಗೈಯ ಹೊರಬದಿಯಲ್ಲಿ, ಕೈ ಹಿಂಭಾಗದಲ್ಲಿ ಬೀಳುತ್ತದೆ, ಬೆರಳು ಬಿಚ್ಚುವ ಟೆಂಡನ್‌ಗಳು ಹೋಗುತ್ತವೆ. ತಾವೇ ಕುಯ್ದುಕೊಂಡವರಲ್ಲಿ ಮಣಿಕಟ್ಟಿನ ಒಳಮೈಯಲ್ಲಿ, ಹೆಚ್ಚಾಗಿ ಎಡಗೈಯಲ್ಲಿ, ಒಂದರ ಪಕ್ಕ ಒಂದು ಅಳುಕಿನ ಗೀರುಗಳಿರುತ್ತವೆ, ನಡುವೆ ಒಂದೆರಡು ಆಳವಾದವು. ಇವೆಲ್ಲ ಒಲವು ಅಷ್ಟೇ, ನಿಯಮ ಅಲ್ಲ.

ಇನ್ನೊಂದು ಚಿಕ್ಕ ಗಾಯದ ಬಗ್ಗೆ ತುಂಬ ಎಚ್ಚರ. ಮುಷ್ಟಿಯ ಗೆಣ್ಣಿನ ಮೇಲೆ, ಹೆಚ್ಚಾಗಿ ಮಧ್ಯದ ಬೆರಳಿನದರ ಮೇಲೆ, ಅರ್ಧ ಸೆಂಟಿಮೀಟರಿನ ಗಾಯ. ‘ಗೇಟು ತಾಗಿತು’ ಅನ್ನುತ್ತಾರೆ. ಅದು ಎದುರಿನವರ ಹಲ್ಲು ತಾಗಿದ ಗಾಯ ಆಗಿರಬಹುದು. ಬೆರಳು ನೇರವಿಟ್ಟು ನೋಡಿದರೆ ಟೆಂಡನ್ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಹರಿದ ಜಾಗ ಮಣಿಕಟ್ಟಿನ ಕಡೆಗೆ ಸರಿದು ಅಡಗಿರುತ್ತದೆ. ಮುಷ್ಟಿ ಕಟ್ಟಿಸಿ ನೋಡಿ. ತೊಳೆಯುವ ಮುಂಚೆ, ಒಂದು ಒದ್ದೆ ಸ್ವಾಬ್, ಅದರ ಹಿಂದೆಯೇ ಒಂದು ಒಣ ಸ್ವಾಬ್ ತೆಗೆದು, ನೆರಳಲ್ಲಿ ಒಣಗಿಸಿ, ಸೀಲ್ ಮಾಡಿ ಪೊಲೀಸರಿಗೆ ರಸೀದಿ ಪಡೆದು ಕೊಡಿ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದರೆ ಜೊಲ್ಲಿನ ಡಿಎನ್‌ಎ ಸಿಗಬಹುದು. ಯಾರು ಯಾರಿಗೆ ಗುದ್ದಿದರು ಅನ್ನುವ ವಾದ ಅಲ್ಲಿಗೇ ತೀರಬಹುದು. ಹಲ್ಲಿನ ಚೂರಿದೆಯಾ ಅಂತ ಎಕ್ಸ್‌ರೇ ತೆಗೆಸಿ. ಈ ಗಾಯಕ್ಕೆ ಹೊಲಿಗೆ ಹಾಕಬೇಡಿ, ಬಾಯಿಯ ಕ್ರಿಮಿಗಳು ಕೀಲಿನೊಳಗೆ ಹೋಗಿ ಕೀವು ಕಟ್ಟುತ್ತವೆ.

ಮಂಡಿ: ಏಟಿನ ದಿಕ್ಕು ಓದುವುದು

ಈ ಊರಿನಲ್ಲಿ ಮಂಡಿ ಕೇಸು ಅಂದರೆ ಟೂ ವೀಲರ್. ಮಳೆ ಬಂದ ರಾತ್ರಿ ರಿಂಗ್ ರೋಡಿನ ಗುಂಡಿ, ಸ್ಕಿಡ್ ಆಗಿ ಮಡಚಿದ ಮಂಡಿ ನೆಲಕ್ಕೆ ಬಡಿಯುತ್ತದೆ, ಟಿಬಿಯಾ ಅನ್ನುವ ಕೆಳಗಿನ ದಪ್ಪ ಮೂಳೆ ಹಿಂದಕ್ಕೆ ತಳ್ಳಿ ಹಿಂಭಾಗದ ಕ್ರೂಷಿಯೇಟ್, ಅಂದರೆ ಪಿಸಿಎಲ್, ಹರಿಯುತ್ತದೆ. ಮಂಡಿ ಚಿಪ್ಪಿನ ಸ್ವಲ್ಪ ಕೆಳಗೆ ತರಚಿದ ಗುರುತು ಇದ್ದರೆ ಕಥೆ ಹೊಂದುತ್ತದೆ. ಕಾರಿನ ಮುಂದಿನ ಸೀಟಿನಲ್ಲಿದ್ದು ಡ್ಯಾಶ್‌ಬೋರ್ಡಿಗೆ ಮಂಡಿ ಬಡಿದರೂ ಹೀಗೇ. ರಸ್ತೆ ದಾಟುವವರ ಮಂಡಿಯ ಹೊರಬದಿಗೆ ಬಂಪರ್ ಬಡಿದರೆ ಒಳಬದಿಯ ಲಿಗಮೆಂಟ್ ಹರಿಯುತ್ತದೆ, ಹೊರಬದಿಯ ಮೂಳೆ ಒತ್ತಿ ಮುರಿಯಬಹುದು. ಪಾದ ಊರಿ ಮೈ ತಿರುಚಿದರೆ ಎಸಿಎಲ್. ಕಬಡ್ಡಿ, ಫುಟ್‌ಬಾಲ್ ಆಡುವವರಿಗೆ ಇದು ಚೆನ್ನಾಗಿ ಗೊತ್ತು.

ಪರೀಕ್ಷೆ ಹೀಗೆ ಮಾಡಿ. ಮಂಡಿ 20ರಿಂದ 30 ಡಿಗ್ರಿ ಮಡಚಿ, ತೊಡೆ ಒಂದು ಕೈಯಲ್ಲಿ ಗಟ್ಟಿ ಹಿಡಿದು, ಟಿಬಿಯಾವನ್ನು ಮುಂದಕ್ಕೆ ಎಳೆಯಿರಿ: ಲಾಕ್‌ಮನ್ ಪರೀಕ್ಷೆ. ಗಟ್ಟಿಯಾಗಿ ತಡೆದು ನಿಲ್ಲಬೇಕು, ಮೆತ್ತಗೆ ಮುಂದೆ ಬಂದರೆ ಎಸಿಎಲ್ ಹೋಗಿದೆ. ಎರಡೂ ಮಂಡಿ 90 ಡಿಗ್ರಿ ಮಡಚಿ ಪಕ್ಕದಿಂದ ನೋಡಿ, ಒಂದು ಟಿಬಿಯಾ ಹಿಂದಕ್ಕೆ ಜೋತುಬಿದ್ದಿದ್ದರೆ ಪಿಸಿಎಲ್. ಒಳಹೊರ ಬದಿಯ ಲಿಗಮೆಂಟುಗಳಿಗೆ 30 ಡಿಗ್ರಿಯಲ್ಲೂ, ಕಾಲು ನೇರವಿಟ್ಟೂ ಪಕ್ಕಕ್ಕೆ ಒತ್ತಿ ನೋಡಿ. 30ರಲ್ಲಿ ಮಾತ್ರ ಬಾಯಿಬಿಟ್ಟರೆ ಆ ಒಂದು ಲಿಗಮೆಂಟ್. ನೇರವಿದ್ದಾಗಲೂ ಬಾಯಿಬಿಟ್ಟರೆ ಒಳಗೆ ಇನ್ನೂ ಏನೋ ಹರಿದಿದೆ.

ಮೊದಲ ದಿನ ನೋವಿಗೆ ಮಾಂಸಖಂಡ ಬಿಗಿಹಿಡಿದಿರುತ್ತದೆ, ಎಷ್ಟೋ ಸಲ ಏನೂ ತಿಳಿಯುವುದಿಲ್ಲ. ಆಗ ‘ನೋವಿನಿಂದ ಪರೀಕ್ಷೆ ಪೂರ್ತಿ ಮಾಡಲಾಗಲಿಲ್ಲ, 5 ದಿನದ ನಂತರ ಮರುಪರೀಕ್ಷೆ, ಅಭಿಪ್ರಾಯ ಕಾಯ್ದಿರಿಸಿದೆ’ ಅಂತ ಬರೆಯಿರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹರಡು ಉಳುಕಿದಾಗಲೂ ನಾಲ್ಕೈದು ದಿನದ ನಂತರದ ಪರೀಕ್ಷೆಯೇ ಹೆಚ್ಚು ನಿಖರ. ಬರಬೇಕಾದ ತಾರೀಖನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ರೋಗಿಯ ಕೈಗೆ ಕೊಡಿ, ಸ್ಟೇಷನ್ನಿಗೂ ತಿಳಿಸಿ. ಕೂಲಿ ಬಿಟ್ಟು ಬರಬೇಕಾದವರು ಯಾಕೆ ಬರಬೇಕು ಅಂತ ಗೊತ್ತಾಗದಿದ್ದರೆ ಬರುವುದಿಲ್ಲ, ಅಲ್ವಾ? ಎರಡು ನಿಮಿಷ ಕೂತು ವಿವರಿಸಿ.

ಹಿಮ್ಮಡಿ: ಒದ್ದ ಹಾಗೆ ಅನಿಸುವ ಗಾಯ

ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಟೆಂಡನ್ ತಾನಾಗಿ ಹರಿದಾಗ, ಯಾರೋ ಹಿಂದಿನಿಂದ ಒದ್ದ ಹಾಗೆ ಅನಿಸುತ್ತದೆ. ಹರಿದವರೆಲ್ಲ ಇದೇ ಮಾತು ಹೇಳುತ್ತಾರೆ, ಸುಳ್ಳಲ್ಲ, ಅವರಿಗೆ ನಿಜವಾಗಿ ಹಾಗೇ ಅನಿಸಿರುತ್ತದೆ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಕ್ರಿಕೆಟ್, ನಲವತ್ತು ದಾಟಿದವರು ರನ್ ಓಡಲು ಹೆಜ್ಜೆ ಒತ್ತುತ್ತಾರೆ, ‘ಟಪ್’, ತಿರುಗಿ ನೋಡಿದರೆ ಹಿಂದೆ ನಿಂತವನ ಮೇಲೆ ಅನುಮಾನ. ಮುಂಚಿನಿಂದ ಮನಸ್ತಾಪ ಇದ್ದರೆ ಅದು ದೂರಾಗಿ ಸ್ಟೇಷನ್ ಸೇರುತ್ತದೆ.

ಇಲ್ಲಿ ನೋಡಬೇಕಾದ್ದು: ಚರ್ಮದ ಮೇಲೆ ಪೆಟ್ಟಿನ ಗುರುತು ಇದೆಯಾ? ಹರಿದ ಜಾಗ ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲಿದೆಯಾ? ತಾನಾಗಿ ಹರಿಯುವುದು ಹೆಚ್ಚಾಗಿ ಅಲ್ಲೇ, ರಕ್ತ ಸಂಚಾರ ಕಡಿಮೆ ಇರುವ ಜಾಗ ಅದು. ಆಪರೇಷನ್ ಆದರೆ ಹರಿದ ಅಂಚಿನ ಒಂದು ಚೂರನ್ನು ಹಿಸ್ಟೊಪೆಥಾಲಜಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳಿಸಿ, ಮುಂಚೆಯೇ ಸವೆದಿತ್ತಾ ಅಂತ ತಿಳಿಯುತ್ತದೆ. ಪರೀಕ್ಷೆಗೆ ರೋಗಿಯನ್ನು ಬೋರಲು ಮಲಗಿಸಿ, ಪಾದ ಮಂಚದಾಚೆ ಇಳಿಬಿಟ್ಟು, ಮೀನಖಂಡ ಹಿಂಡಿ. ಪಾದ ಕೆಳಕ್ಕೆ ಬಾಗದಿದ್ದರೆ ಟೆಂಡನ್ ಪೂರ್ತಿ ಹೋಗಿದೆ. ‘ಪಾದ ಕೆಳಕ್ಕೆ ಒತ್ತಿ’ ಅಂತ ಹೇಳಿ, ಒತ್ತಿದರು, ಆದ್ದರಿಂದ ಸರಿಯಿದೆ ಅಂತ ತೀರ್ಮಾನ ಮಾಡಬೇಡಿ. ಬೆರಳಿನ ಟೆಂಡನ್‌ಗಳೂ ಅಷ್ಟು ಕೆಲಸ ಮಾಡಿಬಿಡುತ್ತವೆ.

ಮಚ್ಚಿನ ಏಟಾದರೆ ಚಿತ್ರವೇ ಬೇರೆ. ಅಂಚು ನಯ, ಚರ್ಮದ ಗಾಯ ಒಂದು ಕಡೆಗೆ ಓರೆ, ಕೆಲವೊಮ್ಮೆ ಹಿಮ್ಮಡಿ ಮೂಳೆಯಲ್ಲೂ ಕಚ್ಚು. ಆ ಕಚ್ಚನ್ನು ಬಿಡಬೇಡಿ. ಮೂಳೆ ಆರಪಾರ ಮುರಿದಿರಬೇಕಾಗಿಲ್ಲ, ಮೂಳೆಯಲ್ಲಿ ಕಡಿತವೋ ಬಿರುಕೋ ಇದ್ದರೂ ಅದು ಮುರಿತವೇ ಅಂತ ಹೋರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸ್ಕ್ಯಾನ್‌ಗಳಿಂದ ಏನು ಕೇಳಬೇಕು

ಎಕ್ಸ್‌ರೇ ಲಿಗಮೆಂಟ್ ತೋರಿಸುವುದಿಲ್ಲ, ಆದರೆ ಅದರ ನೆರಳು ತೋರಿಸುತ್ತದೆ. ಟಿಬಿಯಾದ ಹೊರ ಅಂಚಿನಲ್ಲಿ ಕಿತ್ತುಬಂದ ಸಣ್ಣ ಚೂರು ಇದ್ದರೆ ಅದು ಸೆಗಾಂಡ್ ಮುರಿತ, ಒಳಗೆ ಎಸಿಎಲ್ ಹೋಗಿರುವುದು ಬಹುತೇಕ ಖಂಡಿತ. ಮಂಡಿ ಚಿಪ್ಪು ಮೇಲಕ್ಕೆ ಸರಿದಿದ್ದರೆ ಅದರ ಕೆಳಗಿನ ಟೆಂಡನ್, ಕೆಳಕ್ಕೆ ಇಳಿದಿದ್ದರೆ ಮೇಲಿನದು. ಹರಡಿನ ಒಳಬದಿಯ ಸಂದು 4 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ, ಮಣಿಕಟ್ಟಿನ ಸ್ಕ್ಯಾಫಾಯ್ಡ್ ಮತ್ತು ಲೂನೇಟ್ ಮೂಳೆಗಳ ನಡುವಿನ ಸಂದು 3 ಮಿಲಿಮೀಟರ್ ದಾಟಿದರೆ ಲಿಗಮೆಂಟ್ ಬಗ್ಗೆ ಅನುಮಾನ ಪಡಿ. ಕಿತ್ತುಬಂದ ಚೂರು ಎಷ್ಟೇ ಸಣ್ಣದಿರಲಿ ಮೂಳೆ ಮುರಿತವೇ, ಏಳನೇ ಬಗೆಗೆ ಸೇರುತ್ತದೆ.

ಟೆಂಡನ್‌ಗೆ ಅಲ್ಟ್ರಾಸೌಂಡ್ ಸಾಕಷ್ಟು ಒಳ್ಳೆಯದು, ಬೆರಳು ಆಡಿಸುತ್ತಲೇ ನೋಡಬಹುದು. ಮಂಡಿ, ಭುಜಕ್ಕೆ ಎಂಆರ್‌ಐ. ಎಂಆರ್‌ಐ ಕೇಳುವಾಗ ‘ಎಸಿಎಲ್ ಇದೆಯಾ ಇಲ್ಲವಾ’ ಅಂತ ಮಾತ್ರ ಕೇಳಬೇಡಿ, ‘ಮೂಳೆಯೊಳಗಿನ ಜಜ್ಜು ಎಲ್ಲೆಲ್ಲಿ ಇದೆ’ ಅಂತಲೂ ಕೇಳಿ. ಅದೇ ಏಟಿನ ನಕ್ಷೆ. ತೊಡೆಮೂಳೆಯ ಹೊರಗುಬ್ಬಿನಲ್ಲೂ ಟಿಬಿಯಾದ ಹಿಂದಿನ ಹೊರಭಾಗದಲ್ಲೂ ಜಜ್ಜಿದ್ದರೆ ಮಂಡಿ ತಿರುಚಿದೆ. ಟಿಬಿಯಾದ ಮುಂಭಾಗದಲ್ಲಿ ಜಜ್ಜಿದ್ದರೆ ಮುಂದಿನಿಂದ ಏಟು ಬಿದ್ದಿದೆ. ಈ ಜಜ್ಜು ವಾರಗಳಲ್ಲಿ, ತಿಂಗಳುಗಳಲ್ಲಿ ಮಾಸಿಹೋಗುತ್ತದೆ, ಆದ್ದರಿಂದ ಎಂಆರ್‌ಐ ಬೇಗ ಆಗಬೇಕು.

ದೊಣ್ಣೆಯಿಂದ ಹೊಡೆದರು ಅಂತ ದೂರು, ಎಂಆರ್‌ಐಯಲ್ಲಿ ತಿರುಚಿದ ನಕ್ಷೆ, ಚರ್ಮದ ಮೇಲೆ ಏನೂ ಇಲ್ಲ ಅಂದರೆ ದೂರು ಸುಳ್ಳು ಅಂತ ಬರೆಯಲು ಹೋಗಬೇಡಿ. ಏಟು ತಪ್ಪಿಸಿಕೊಳ್ಳಲು ಓಡಿ, ಕಾಲು ಸಿಕ್ಕಿಕೊಂಡು ತಿರುಚಿ ಬಿದ್ದಿರಬಹುದು. ‘ನೇರ ಏಟಿಗಿಂತ ತಿರುಚುವಿಕೆಗೆ ಹೊಂದುತ್ತದೆ’ ಅಂತ ಬರೆಯಿರಿ. ಉಳಿದದ್ದು ಕೋರ್ಟಿನ ಕೆಲಸ.

ಹೊಸ ಗಾಯವೋ ಹಳೆಯದೋ ಅನ್ನುವುದು ಇನ್ನೊಂದು ದೊಡ್ಡ ಪ್ರಶ್ನೆ. ಹೊಸದಾದರೆ ಎಂಆರ್‌ಐಯಲ್ಲಿ ಲಿಗಮೆಂಟ್ ಊದಿ ಬೆಳ್ಳಗೆ ಹೊಳೆಯುತ್ತದೆ, ಕೀಲಿನಲ್ಲಿ ರಕ್ತ, ಮೂಳೆಯಲ್ಲಿ ಜಜ್ಜು. ಹಳೆಯದಾದರೆ ಎಳೆಗಳು ಸಣಕಲಾಗಿ ಅಥವಾ ಮಾಯವಾಗಿ, ಊತವಿಲ್ಲದೆ, ಮೂಳೆ ಅಂಚು ಬೆಳೆದು ಇರುತ್ತದೆ. ಭುಜದ ಟೆಂಡನ್ ಹರಿದು ಮಾಂಸಖಂಡದೊಳಗೆ ಕೊಬ್ಬು ತುಂಬಿದ್ದರೆ ಅದು ಹೋದ ವಾರದ ಗಾಯ ಅಲ್ಲ. ಹಳೆ ಗಾಯದ ಮೇಲೆ ಹೊಸ ಏಟು ಬಿದ್ದಿರುವುದೂ ಉಂಟು, ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ.

ಕಸ್ಟಡಿಯಿಂದ ಬಂದವರು, ಶವಪರೀಕ್ಷೆ

ಬಂಧನದಲ್ಲಿರುವವರನ್ನು 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು ಅಂತ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪು ಹೇಳಿದೆ. ಪೊಲೀಸರನ್ನು ಮಾತು ಕೇಳದಷ್ಟು ದೂರದಲ್ಲಿ ನಿಲ್ಲಿಸಿ. ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡಿ. ಅಂಗಾಲಿಗೆ ಹೊಡೆದರೆ ಅಲ್ಲಿಯ ಗಟ್ಟಿ ಪಟ್ಟಿ ಹರಿಯಬಹುದು, ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಬಿಗಿಯಾಗಬೇಕಾದ ಆ ಪಟ್ಟಿ ಕೈಗೆ ಸಿಗುವುದಿಲ್ಲ. ಮಣಿಕಟ್ಟಿನಲ್ಲಿ ಕಟ್ಟಿದ ಗುರುತು, ಭುಜ ಎತ್ತಲು ಆಗುತ್ತದೆಯಾ, ಎರಡನ್ನೂ ನೋಡಿ. ಚಿತ್ರಹಿಂಸೆಯ ತನಿಖೆಗೆ ಇರುವ ವಿಶ್ವಸಂಸ್ಥೆಯ ಕೈಪಿಡಿ ಇಸ್ತಾಂಬುಲ್ ಪ್ರೋಟೊಕಾಲ್ ಇಂಥ ಗಾಯಕ್ಕೆ ಐದು ಮೆಟ್ಟಿಲಿನ ಮಾತು ಕೊಡುತ್ತದೆ: ಹೊಂದುವುದಿಲ್ಲ, ಹೊಂದುತ್ತದೆ, ಬಹಳ ಹೊಂದುತ್ತದೆ, ಇಂಥ ಏಟಿಗೇ ವಿಶಿಷ್ಟ, ಬೇರೆ ರೀತಿಯಲ್ಲಿ ಆಗಲಾರದು. ನಾನು ಎಲ್ಲ ಗಾಯಗಳಿಗೂ ಇದೇ ಮೆಟ್ಟಿಲು ಬಳಸುತ್ತೇನೆ.

ಶವಪರೀಕ್ಷೆಯಲ್ಲಿ ಪಾದಚಾರಿ ಅಪಘಾತ ಅಂದರೆ ಕಾಲಿನ ಹಿಂಭಾಗವನ್ನು ಹಿಮ್ಮಡಿಯಿಂದ ತೊಡೆಯವರೆಗೆ ಬಿಡಿಸಿ, ಮಂಡಿ ಕೀಲು ತೆರೆದು ನೋಡಿ. ಹೊರಗೆ ಏನೂ ಕಾಣದಿದ್ದರೂ ಒಳಗೆ ಏಟಿನ ದಿಕ್ಕು ಬರೆದಿರುತ್ತದೆ. ಕುತ್ತಿಗೆಯನ್ನು ಹಿಂದಿನಿಂದ ಪದರ ಪದರವಾಗಿ ಬಿಡಿಸಿ, ತಲೆಬುರುಡೆ ಮತ್ತು ಮೊದಲ ಎರಡು ಕಶೇರುಗಳ ನಡುವಿನ ಲಿಗಮೆಂಟ್ ನೋಡಿ. ಸತ್ತ ಮೇಲೆ ಮೈ ಸೆಟೆಯುವ ಮರಣದ ಪೆಡಸು ಕೀಲಿನ ಸಡಿಲವನ್ನು ಮುಚ್ಚುತ್ತದೆ, ಪೆಡಸನ್ನು ಬಲವಂತವಾಗಿ ಮುರಿದರೆ ನಾರು ಹರಿದು ಹೊಸ ಗೊಂದಲ ಹುಟ್ಟುತ್ತದೆ. ಟೆಂಡನ್‌ಗೆ ರಕ್ತ ಸಂಚಾರ ಕಡಿಮೆ. ತುಂಡಾದ ಮುಖದಲ್ಲಿ ರಕ್ತ ಇಲ್ಲ ಅಂದ ಮಾತ್ರಕ್ಕೆ ಸತ್ತ ಮೇಲಿನ ಗಾಯ ಅನ್ನಬೇಡಿ, ಸುತ್ತಲಿನ ಪೊರೆ, ಚರ್ಮ, ಮಾಂಸಖಂಡದಲ್ಲಿ ಹುಡುಕಿ. ಆ ಭಾಗ ಶೇ. 10 ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಿ.

ಅಭಿಪ್ರಾಯ ಬರೆಯುವುದು, ಸಾಕ್ಷಿ ಹೇಳುವುದು

ಅಭಿಪ್ರಾಯದಲ್ಲಿ ಐದು ಮಾತು ಇರಲಿ: ಯಾವ ಹುರಿ, ಎಷ್ಟು ಹರಿದಿದೆ, ಯಾವ ಬಗೆಯ ಏಟಿಗೆ ಹೊಂದುತ್ತದೆ, ಎಷ್ಟು ಹೊಸದು, 116ನೇ ಕಲಮಿನ ಯಾವ ಬಗೆಗೆ ಯಾಕೆ ಸೇರುತ್ತದೆ. ‘ತೀವ್ರ ಸ್ವರೂಪದ ಗಾಯ’ ಅಂತ ಬರೆದು ಬಿಟ್ಟರೆ ಸಾಲದು. ಶಾಶ್ವತವಾಗಿ ಕುಂದಿದೆ ಅನ್ನುವ ಮಾತನ್ನು ಚಿಕಿತ್ಸೆ ಮುಗಿಯುವ ಮುಂಚೆ ಬರೆಯಬೇಡಿ.

ಅಪಘಾತದ ಪರಿಹಾರದ ಕೇಸು ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತದೆ. ಅಲ್ಲಿ ನೀವು ಹೇಳಬೇಕಾದ್ದು ಅಂಗಕ್ಕೆ ಎಷ್ಟು ಶೇಕಡಾ ನಷ್ಟ ಅನ್ನುವುದನ್ನು. ಅದರಿಂದ ದುಡಿಮೆ ಎಷ್ಟು ಹೋಯಿತು ಅಂತ ತೀರ್ಮಾನಿಸುವುದು ನ್ಯಾಯಮಂಡಳಿ. 2010ರ ರಾಜ್‌ಕುಮಾರ್ ಮತ್ತು ಅಜಯ್‌ಕುಮಾರ್ ನಡುವಿನ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇದು ಬಿಡಿಬಿಡಿಯಾಗಿದೆ: ಎಡಗೈ ಹೋದ ಡ್ರೈವರಿಗೆ, ಬಡಗಿಗೆ ಆಗುವ ನಷ್ಟವೇ ಬೇರೆ, ಗುಮಾಸ್ತನಿಗೆ ಆಗುವುದೇ ಬೇರೆ.

ಪಾಟಿ ಸವಾಲಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಎಕ್ಸ್‌ರೇ ನಾರ್ಮಲ್ ಇದೆ ಅಂತ ನೀವೇ ಬರೆದಿದ್ದೀರಿ, ಮತ್ತೆ ತೀವ್ರ ಗಾಯ ಹೇಗೆ?’ ಹೂವಿನವರ ಕೇಸಿನಲ್ಲಿ ನಾನು ಬರೆಯಬೇಕಿದ್ದ ಹಾಗೆ ನೀವು ಬರೆದಿಟ್ಟಿದ್ದರೆ, ಆಗ ಫೈಲ್ ತೆರೆದು ಓದಿ: ‘ಮೊದಲ ದಿನ, ಬಲ ತೋರುಬೆರಳು, ತುದಿಯ ಗೆಣ್ಣು 0 ಡಿಗ್ರಿ, ಎಡಗಡೆ 70 ಡಿಗ್ರಿ. ಐದನೇ ದಿನ ಅದೇ. ಆಪರೇಷನ್‌ನಲ್ಲಿ ಆಳದ ಟೆಂಡನ್ ಪೂರ್ತಿ ತುಂಡು, ಅಂಚು ನಯ, ತುದಿಭಾಗ ಚರ್ಮದ ಗಾಯದಿಂದ ಮುಂದೆ. ಮೂರು ತಿಂಗಳ ಮೇಲೆ 20 ಡಿಗ್ರಿ, ಹೂ ಕಟ್ಟಲು ಆಗುತ್ತಿಲ್ಲ.’ ಓದಿ ಮುಗಿಸಿ, ಮುಂದಿನ ಪ್ರಶ್ನೆಗೆ ಕಾಯಿರಿ.